ಕೊನೆಯ ಸಾಲಿನವರೆಗೂ ಓದಿದವಳು

ನನ್ನ ತಂಗಿ ಫಕ್ಕೀರವ್ವನನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಮುಚ್ಚುಮರೆ ಏಕೆ? ನಮ್ಮಪ್ಪ ಸ್ವಂತ ಅಕ್ಕನ ಮಗಳನ್ನೇ ಮದುವೆಯಾಗಿದ್ದ. ನಮ್ಮಿಬ್ಬರಿಗೂ ಒಂದೇ ಬೇನೆ ಬಂತು. ಮೊದಲು ಇರುಳುಗಣ್ಣು, ಆಮೇಲೆ ಕಣ್ಣೊಳಗಿನ ಪರದೆಯೇ ಸವೆಯುತ್ತ ಹೋಗುವುದು. ಅವಳು ‘ನನಗ ಕಾಣಂಗಿಲ್ಲ’ ಎಂದು ಎಲ್ಲರೆದುರು ಹೇಳಿ ಕೋಲು ಹಿಡಿದಳು. ತಾಟಿನಲ್ಲಿ ರೊಟ್ಟಿ ಎಲ್ಲಿದೆ, ಪಲ್ಯ ಎಲ್ಲಿದೆ ಎಂದು ಗಂಡ ಲಕ್ಷ್ಮಪ್ಪ ಕೈಹಿಡಿದು ತೋರಿಸುತ್ತಿದ್ದ. ನಾನು ಗಂಡನಿಗೂ ಹೇಳದೆ ಮುಚ್ಚಿಟ್ಟೆ. ಸವಣೂರಿನಲ್ಲಿ ವೀಳ್ಯದೆಲೆ ಎಣಿಸಿ ಕಟ್ಟುವುದು ನನ್ನ ಕೆಲಸ. ಬೆರಳಿಗೇ ಲೆಕ್ಕ ಗೊತ್ತು. ‘ಮಂಜವ್ವನ ಕಣ್ಣು ಬಾಳ ಚುರುಕು’ ಎನ್ನುತ್ತಿದ್ದರು. ನನಗ್ಯಾರು ರೊಟ್ಟಿ ತೋರಿಸಬೇಕು?

ಹೋದ ವರ್ಷ ದೊಡ್ಡ ಆಸ್ಪತ್ರೆಯೊಂದರಿಂದ ತಂಗಿಗೆ ಕರೆ ಬಂತು. ಕಾಂಡಕೋಶಗಳಿಂದ ಬೆಳೆಸಿದ ಹೊಸ ಜೀವಕೋಶಗಳನ್ನು ಒಂದು ಕಣ್ಣಿನ ಪರದೆಯಡಿ ಇಡುವ ಪ್ರಯೋಗ. ಕಂಡೇ ಕಾಣುತ್ತದೆಂಬ ಭರವಸೆಯಿಲ್ಲ, ಉಳಿದಿರುವುದು ಒಂದೇ ಜಾಗ, ಒಡಹುಟ್ಟಿದವರಿದ್ದರೆ ಅವರನ್ನೂ ಪರೀಕ್ಷಿಸುತ್ತೇವೆ ಎಂದರು. ತಂಗಿಗೆ ಜೊತೆಯೆಂದು ಮನೆಯಲ್ಲಿ ಹೇಳಿ ನಾನೂ ಹೊರಟೆ. ಆ ಜಾಗ ನನಗೇ ಬೇಕಿತ್ತು.

ಸರತಿಯಲ್ಲಿ ಕುಳಿತಾಗ, ಒಳಗೆ ಗೋಡೆಯ ಅಕ್ಷರ ಓದುವವರ ದನಿ ಕೇಳುತ್ತಿತ್ತು. ಕೊನೆಯ ಸಾಲಿನವರೆಗೂ ಬಾಯಿಪಾಠ ಮಾಡಿಕೊಂಡೆ. ಫಕ್ಕೀರವ್ವ ಮೊದಲ ಅಕ್ಷರಕ್ಕೇ ತಡವರಿಸಿದಳು. ನಾನು ಗಡಗಡ ಒಪ್ಪಿಸಿದೆ. ಕನ್ಯೆ ನೋಡಲು ಬಂದವರೆದುರು ಸೂಜಿ ಪೋಣಿಸಿ ಪಾಸಾದವಳು ನಾನು. ಚೆನ್ನಾಗಿ ಓದಿದವಳನ್ನೇ ಆರಿಸುತ್ತಾರೆಂದು ನಂಬಿದ್ದೆ.

“ಬ್ಯಾನಿ ನಿಮಗೂ ಐತ್ರಿ, ಆದರ ಇನ್ನೂ ಚೊಲೋ ಕಾಣ್ತೈತಿ,” ಎಂದರು ಡಾಕ್ಟರು. “ದೃಷ್ಟಿ ಬಾಳ ಕಮ್ಮಿ ಆದವರನ್ನ ಅಷ್ಟ ತಗೋತೇವ್ರಿ. ಜಾಗಾ ನಿಮ್ಮ ತಂಗಿಗೆ.”

ಓದಿದ್ದೆಲ್ಲ ಬಾಯಿಪಾಠವೆಂದು ಹೇಳದೆ, ಎದ್ದು ಗೋಡೆ ಹಿಡಿದು ಹೊರಗೆ ಬಂದೆ.

ಶಸ್ತ್ರಕ್ರಿಯೆಯ ದಿನ ಲಕ್ಷ್ಮಪ್ಪ ಕಾಗದಪತ್ರ ಹಿಡಿದು ಮುಂದೆ ಹೋಗಿದ್ದ. ತಂಗಿಯ ಕೈಹಿಡಿದು ನಾನು ನಡೆಸಿಕೊಂಡು ಹೊರಟಿದ್ದೆ.

“ಅಕ್ಕಾ, ಸಾವಕಾಶ. ಮುಂದ ಮೂರು ಮೆಟ್ಟಲದಾವ,” ಎಂದಳು ಅವಳು, ಕೋಲಿನಿಂದ ತಡವಿ. ನಾನು ಅಲ್ಲೇ ನಿಂತೆ.

“ನನಗ್ಯಾಕ ಹೇಳ್ತಿ?”

“ನಿನಗ ನನಗಿಂತಾ ಕಮ್ಮಿ ಕಾಣ್ತೈತಿ. ಸಣ್ಣಾಕಿ ಇದ್ದಾಗಿಂದ ಗೊತ್ತೈತಿ ನನಗ. ಡಾಕ್ಟರಿಗೆ ಖರೇ ಹೇಳೂಣು. ನನ್ನ ಜಾಗಾ ನೀ ತಗೋ.”

ಅದನ್ನೂ ಅವಳೇ ಕೊಡಬೇಕೇ? ಒಳ್ಳೆಯವಳೆನ್ನಿಸಿಕೊಳ್ಳುವುದೂ ಅವಳ ಪಾಲಿಗೇ? ಕುರುಡಿಯಾಗಿ ಬೇಕಾದರೆ ಇರುತ್ತೇನೆ, ಅವಳು ಕೊಟ್ಟ ಕಣ್ಣಿನಿಂದ ಅವಳ ಮುಖ ನೋಡಲಾರೆ.

“ನನಗ ಎಲ್ಲಾ ಕಾಣ್ತೈತಿ. ನಡಿ ಒಳಗ,” ಎಂದೆ. ಮೂರೂ ಮೆಟ್ಟಿಲನ್ನು ಮನಸ್ಸಿನಲ್ಲೇ ಎಣಿಸಿಕೊಂಡು ಹತ್ತಿದೆ.