ಹೊಸ ಕಾರು ನುಂಗಿದ ನಗು

ತಪ್ಪು ನನ್ನದೇ ಅಂತ ಮೊದಲೇ ಬರೆದುಬಿಡುತ್ತೇನೆ. ನನ್ನ ಹೊಸ ಕಾರಿನ ಟಚ್‌ಸ್ಕ್ರೀನಿನ ಕೆಳಗೆ ಸಣ್ಣದೊಂದು ಸಂದು ಇತ್ತು. ಅದೇ ಸಿ.ಡಿ. ಹಾಕುವ ಬಾಯಿ ಅಂತ ನಾನೇ ತೀರ್ಮಾನಿಸಿ, ನಾನೇ ಸಿ.ಡಿ.ಯನ್ನು ತೂರಿಸಿದೆ. ಬಲು ಸಲೀಸಾಗಿ ಒಳಗೆ ಹೋಯಿತು. ಆದರೆ ಹಾಡಲಿಲ್ಲ, ಎಲ್ಲೋ ಆಳದಲ್ಲಿ ‘ಟಣಕ್’ ಅಂತ ಬಿತ್ತು. ಅದು ಡ್ಯಾಶ್‌ಬೋರ್ಡಿನ ಎರಡು ಪ್ಲಾಸ್ಟಿಕ್ ತುಂಡುಗಳ ನಡುವಿನ ಸಂದು, ಅಷ್ಟೆ. ಈಗಿನ ಕಾರುಗಳಲ್ಲಿ ಸಿ.ಡಿ. ಪ್ಲೇಯರ್ ಬರುವುದಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿತ್ತು, ಕಾರು ಕೊಂಡವನಿಗೆ ಮಾತ್ರ ಗೊತ್ತಿರಲಿಲ್ಲ. ಊರವರ ದನಿಯನ್ನೆಲ್ಲ ಅಣಕಿಸಿ ನಗಿಸುವ ನಾನು ಆ ಹೊತ್ತು ಆ ಸಂದಿಗೆ ಕಿವಿಯಿಟ್ಟು ಕೂತೆ.

ಪಕ್ಕದ ಸೀಟಿನಲ್ಲಿ ಅತ್ತೆ ಕೂತಿದ್ದರು. ರಕ್ತಸಂಬಂಧದ ಅತ್ತೆಯಲ್ಲ. ಗುಂಡ್ಲುಪೇಟೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಅವರ ಯಜಮಾನರನ್ನು ನಾನು ಮಾವ ಅನ್ನುತ್ತಿದ್ದೆ, ಹಾಗಾಗಿ ಇವರು ಅತ್ತೆ. ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿಕೊಂಡು, ಮೇಲಕ್ಕೆ ಹೋಗುವ ಸರ್ಕಾರಿ ಬಸ್ಸಿಗೆ ಕಾಯುತ್ತಿದ್ದೆವು. ಬೆಟ್ಟ ಮಂಜಿನೊಳಗೆ ಅರ್ಧ ಕರಗಿಹೋಗಿತ್ತು. ನಾನು ಸಿ.ಡಿ. ತೂರಿಸುವ ಸ್ವಲ್ಪ ಮುಂಚೆ, ಅದನ್ನು ತೆಗೆದುಕೊಡಲು ಅತ್ತೆ ಮಡಿಲಲ್ಲಿದ್ದ ಮಾವನ ರೆಕ್ಸಿನ್ ಚೀಲದ ಜಿಪ್ ಎಳೆದಿದ್ದರು. ಹಳೆಯ ರೆಕ್ಸಿನ್, ವಿಭೂತಿ, ಚೂರು ಕಡ್ಡಿಪುಡಿ ತಂಬಾಕು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹೊಸ ಕಾರು ಹೊಸದಾಗಿ ಉಳಿಯಲಿಲ್ಲ. ಅದು ಮಾವನ ಕಾರಾಗಿಬಿಟ್ಟಿತು.

ಮಾವ ಬಾಡಿಗೆ ಕಾರು ಓಡಿಸುತ್ತಿದ್ದರು. ಸವಾರಿ ಊಟಿ ಕಡೆಗಿರಲಿ, ಚಾಮರಾಜನಗರದ ಕೋರ್ಟಿಗಿರಲಿ, ಒಳ್ಳೆಯ ಹಾಡು ಬಂತೆಂದರೆ ಮೊದಲು ಗಾಜು ಏರುತ್ತಿತ್ತು, ಆಮೇಲೆ ಎ.ಸಿ. ನಿಲ್ಲುತ್ತಿತ್ತು, ಆಮೇಲೆ ಕಾರು ಎತ್ತಿನಗಾಡಿಯ ನಡಿಗೆಗೆ ಇಳಿಯುತ್ತಿತ್ತು. ಯಾರಾದರೂ ಸೆಕೆ ಅಂದರೆ, “ಫ್ಯಾನು ತಿರುಗ್ತಿದ್ರ ಕೊಳಲು ಎಲ್ಲಿ ಕೇಳ್ತದ? ಬೆವ್ರು ಒರ್ಸ್ಕಬೋದು, ಕಳ್ದೋದ ಕೊಳಲು ವಾಪಸ್ ಬಂದದಾ?” ಅನ್ನುತ್ತಿದ್ದರು. ಒಮ್ಮೆ ಮುಹೂರ್ತಕ್ಕೆ ಹೊರಟ ಮದುಮಗನೊಬ್ಬ ರೇಷ್ಮೆ ಪಂಚೆ, ಪೇಟದ ಸಮೇತ ಒಂದಿಡೀ ಹಾಡು ಬೆಂದು ಇಳಿದ. ಹುಡುಗನಿಗೆ ಜ್ವರವೇ ಅಂತ ಹೆಣ್ಣಿನ ಕಡೆಯವರು ಗಾಬರಿಯಾದರು. ಮಾವ ಮಾತ್ರ ಸ್ಟಿಯರಿಂಗ್ ಮೇಲೆ ಬೆರಳಾಡಿಸುತ್ತಾ ಇನ್ನೂ ಹಾಡಿನೊಳಗೇ ಇದ್ದರು.

ಫೋನಿನಲ್ಲಿ ಬರುವ ಹಾಡೆಂದರೆ ಅವರಿಗಾಗದು. “ಅದು ಹಾಡಲ್ಲ ಕಣ್ಲಾ, ಹಾಡಿನ ಪಾಸ್‌ಪೋರ್ಟ್ ಫೋಟೋ” ಅನ್ನುತ್ತಿದ್ದರು. ಕಾರು ಹತ್ತಿದವರ ಫೋನೆಲ್ಲ ಜೇಬಿನಲ್ಲೇ ಇರಬೇಕು. ಯಾರೂ ಅವರ ಮುಂದೆ ಫೋನ್ ಹಿಡಿದು ವೀಡಿಯೋ ಮಾಡುವ ಧೈರ್ಯ ತೋರಲಿಲ್ಲ. ಅದರ ಬೆಲೆ ನಮಗೆ ಆಮೇಲೆ ಗೊತ್ತಾಯಿತು...

ಹಾಗಂತ ಮಾವ ದೊಡ್ಡ ಪಂಡಿತರೇನಲ್ಲ. ಶೀತ ಹಿಡಿಯದಿರಲಿ ಅಂತ ಮಳೆಗಾಲದಲ್ಲಿ ಸಿ.ಡಿ.ಗಳನ್ನು ಚೀಲದಿಂದ ತೆಗೆದು ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದರು. ಅತ್ತೆ ಅನ್ನಕ್ಕಿಡಲು ಸೇರು ತುಂಬಿಸಿದರೆ ಅಕ್ಕಿಯ ಜೊತೆ ಭಾವಗೀತೆಯೂ ಬರುತ್ತಿತ್ತು. ಅದಾದರೂ ಸರಿ. ಸೋಮವಾರ ಪೂಜೆ ಮುಗಿಸಿದ ಕೈಯಲ್ಲೇ ಅವರು ಒಂದೊಂದು ಸಿ.ಡಿ.ಗೂ ವಿಭೂತಿ ಹಚ್ಚಿ, ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸುತ್ತಿದ್ದರು. ಹೊಳಪೇನೋ ಬರುತ್ತಿತ್ತು, ಗೀರೂ ಬರುತ್ತಿತ್ತು. ಹಾಡುವವರು ಒಂದೇ ಸಾಲಿನಲ್ಲಿ ಗಕ್ ಗಕ್ ಅಂತ ಎಡವಿದರೆ, “ಪಾಪ, ನೀರಡ್ಕೆ ಆಗಿರ್ಬೇಕು” ಅನ್ನುತ್ತಿದ್ದರು. ವಿಭೂತಿಯಿಂದಲೇ ಗೀರು ಬೀಳುತ್ತಿದೆ ಅಂದದ್ದಕ್ಕೆ ನನ್ನನ್ನು ದುರುಗುಟ್ಟಿ ನೋಡಿದರು. “ಶಿವನ್ ಬೂದೀಲಿ ಗೀರು ಬಿದ್ದದೇನ್ಲಾ? ಆ ಸಿ.ಡಿ.ನೇ ಏನೋ ಪಾಪ ಮಾಡಿರ್ಬೇಕು.”

ವಿಭೂತಿ ಕಾಣದ ಸಿ.ಡಿ. ಅವರ ಬಳಿ ಒಂದೇ ಇತ್ತು. ಅದು ನನ್ನದು.

ನಾನಾಗ ಚಾಮರಾಜನಗರದ ಕಾಲೇಜಿಗೆ ಓಡಾಡುತ್ತಿದ್ದೆ. ಯಾವುದೋ ಮಿಮಿಕ್ರಿ ಸ್ಪರ್ಧೆಗೆ ಸಿ.ಡಿ. ಕಳಿಸಬೇಕಿತ್ತು. ನಮ್ಮ ಮನೆಯಲ್ಲಿ ಮಿಕ್ಸಿ, ಕಾಲೇಜಿನಲ್ಲಿ ಗಲಾಟೆ, ಎಲ್ಲೂ ನಿಶ್ಶಬ್ದವಿರಲಿಲ್ಲ. “ನನ್ ಕಾರ್ಗಿಂತ ಸ್ಟುಡಿಯೋ ಬೇಕೇನ್ಲಾ ನಿಂಗ?” ಅಂತ ಮಾವನೇ ಕರೆದರು. ಚಂದಕವಾಡಿಗೆ ಯಾರನ್ನೋ ಬಿಟ್ಟು ಬರುವ ದಾರಿಯಲ್ಲಿ, ಒಂದು ಹುಣಸೆಮರದ ಕೆಳಗೆ ಕಾರು ನಿಂತಿತು. ಗಾಜು ಏರಿತು. ನನ್ನ ಮೊಣಕಾಲ ಮೇಲೆ ಗೆಳೆಯನ ಲ್ಯಾಪ್‌ಟಾಪ್, ಕೈಯಲ್ಲಿ ಎರವಲು ಮೈಕು. ಹೊರಗೆ ಎಲೆಗಳು ಅಲ್ಲಾಡುತ್ತಿದ್ದವು, ಆದರೆ ಸದ್ದಿಲ್ಲ. ನೀರೊಳಗೆ ಕೂತು ದಡ ನೋಡಿದ ಹಾಗಿತ್ತು... ಆ ಮಧ್ಯಾಹ್ನ ಈಗಲೂ ನನಗೆ ಕನಸಿನಲ್ಲಿ ಬೀಳುವುದು ಹಾಗೆಯೇ, ಮೂಕವಾಗಿ.

ಬಸ್ ಕಂಡಕ್ಟರ್, ಈರುಳ್ಳಿ ಮಂಡಿ ಸಾಹುಕಾರರು, ನಮ್ಮ ಪ್ರಿನ್ಸಿಪಾಲರು, ಎಲ್ಲರ ದನಿ ತೆಗೆದೆ. ಉಸಿರು ಬಿಡಬೇಡಿ ಅಂತ ಮಾವನಿಗೆ ಹೇಳಿದ್ದೆ. ಅವರು ಟವೆಲ್ಲಿನ ತುದಿ ಬಾಯಿಗೆ ತುರುಕಿಕೊಂಡು ಕೂತಿದ್ದರು. ಕೊನೆಗೆ, ಹೇಳದೆ ಕೇಳದೆ, ಅವರದೇ ದನಿ ತೆಗೆದೆ. ಆ ಕೆಮ್ಮು, ಅಡ್ಡ ಬಂದ ಬಸ್ಸಿಗೆ ಬಯ್ಯುವ ವರಸೆ, ‘ಕೊಳಲು ವಾಪಸ್ ಬಂದದಾ’ ಎಲ್ಲವೂ. ಟವೆಲ್ ಬಾಯಿಂದ ಜಾರಿತು. ಮೊದಲು ಕುಕ್ಕರಿನ ಹಾಗೆ ಸಣ್ಣಗೆ ಸುಯ್ಯೆಂದು, ಆಮೇಲೆ ಕಾರಿಗೆ ಕಾರೇ ಅಲುಗುವಂತೆ ನಕ್ಕರು. ನನ್ನ ಮುಖ ನೋಡುವುದು, ನಗುವುದು, ಕಣ್ಣೊರೆಸುವುದು, ಮತ್ತೆ ನನ್ನ ಮುಖ ನೋಡುವುದು. “ಸಾಕು ನಿಲ್ಸ್ಲಾ... ನಿನ್ ಮಕ ನೋಡ್ದಷ್ಟೂ ತಡೀನಾರೆ ಕಣ್ಲಾ...” ಅದಷ್ಟೂ ಮೈಕಿಗೆ ಬಿತ್ತು. ಮತ್ತೆ ಮೊದಲಿಂದ ಮಾಡಲು ಲ್ಯಾಪ್‌ಟಾಪಿನಲ್ಲಿ ಚಾರ್ಜಿರಲಿಲ್ಲ. ಹಾಗೇ ಕಳಿಸಿದೆ.

ಬಹುಮಾನ ಬರಲಿಲ್ಲ. ತೀರ್ಪುಗಾರರೊಬ್ಬರು ಮಾತ್ರ ನನ್ನನ್ನು ಕರೆದು, “ಮಿಕ್ಕಿದ್ದೆಲ್ಲ ಸುಮಾರು, ಆದರೆ ಕೊನೆಯಲ್ಲಿ ನಕ್ಕಿರಲ್ಲ, ಆ ದನಿ ಅದ್ಭುತ” ಅಂದರು. ನಾನು ಮಾಡದ ಒಂದೇ ಒಂದು ದನಿ ಅದು! ಈ ಸುದ್ದಿಯನ್ನು ಮಾವ ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ತುಂಬ ಹಂಚಿದರು. ನನ್ನ ಬಳಿ ಉಳಿದಿದ್ದ ಒಂದೇ ಪ್ರತಿಯನ್ನು ತಮ್ಮ ರೆಕ್ಸಿನ್ ಚೀಲಕ್ಕೆ ಸೇರಿಸಿಕೊಂಡರು. ವಿಭೂತಿ ಯಾಕೆ ಹಚ್ಚಲ್ಲ ಅಂತ ಕೇಳಿದರೆ, “ನಿನ್ ಕೋತಿ ದನಿಗ ಶಿವ ಯಾಕ್ಲಾ?” ಅನ್ನುತ್ತಿದ್ದರು.

ಆಮೇಲೆ ಒಂದು ದಿನ ಮಾವ ಇಲ್ಲವಾದರು. ಕಾರು ಬೇರೆಯವರ ಪಾಲಾಯಿತು, ಜೊತೆಗೆ ಪ್ಲೇಯರೂ ಹೋಯಿತು. ಗೆಳೆಯನ ಲ್ಯಾಪ್‌ಟಾಪ್ ಯಾವತ್ತೋ ಕೆಟ್ಟಿತ್ತು. ಅತ್ತೆಯ ಬಳಿ ಫೋಟೋಗಳಿದ್ದವು, ದನಿ ಇರಲಿಲ್ಲ. ಇದ್ದದ್ದು ಆ ಸಿ.ಡಿ.ಯ ಕೊನೆಯಲ್ಲಿ ಮಾತ್ರ. ನಾನು ಜಾಣನಂತೆ ಅದನ್ನು ಚಾಮರಾಜನಗರದ ಅಂಗಡಿಯೊಂದಕ್ಕೆ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿ ತಂದೆ. ಅಂಗಡಿಯವನು ನನಗಿಂತ ಜಾಣ. ಕೊನೆಯಲ್ಲಿ ಏನೋ ಗಲಾಟೆ ಇದೆ ಅಂತ ಅದನ್ನು ಕತ್ತರಿಸಿ, ಉಳಿದದ್ದನ್ನು ತೊಳೆದು, ಹಿಂಡಿ, ಚಿಕ್ಕದು ಮಾಡಿ ಕೊಟ್ಟಿದ್ದ. ಅತ್ತೆ ಪೂರ್ತಿ ಕೇಳಿದರು. “ಇದ್ರಲ್ಲಿ ನೀನೇ ಇದ್ದಯಲ್ಲ ಮಗ, ಅವ್ರೆಲ್ಲಿ?” ಅಂದರು. ಸಿ.ಡಿ.ಯನ್ನು ವಾಪಸ್ ಇಸಿದುಕೊಂಡು ಚೀಲದೊಳಗಿಟ್ಟರು, ಮತ್ತೆ ಯಾವ ಅಂಗಡಿಗೂ ಕೊಡಲು ಒಪ್ಪಲಿಲ್ಲ.

ನಾನು ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ, ಸಾಲ ಮಾಡಿ ಕಾರು ಕೊಂಡಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ ಬಣ್ಣದ್ದಲ್ಲ. “ಸಿ.ಡಿ. ಆಕೂ ಜಾಗ ಇದ್ದದೇನಪ್ಪ?” “ಒಸ ಕಾರು ಅತ್ತೆ, ಎಲ್ಲಾ ಇರ್ತದ!” ಅಂದೆ, ನೋಡದೆಯೇ. ಅವರು ಆ ಮಾತನ್ನು ನಂಬಿ, ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಚೀಲ ಹಿಡಿದು ಬೆಟ್ಟಕ್ಕೆ ಹೊರಟಿದ್ದರು. ಬೆಟ್ಟದ ಬುಡದ ಆ ಮಂಜಿನಲ್ಲಿ, ಗಾಜು ಏರಿಸಿ, ಮಾವ ನಗುವುದನ್ನು ಒಂದು ಸಲ ಕೇಳಬೇಕು. ಅವರ ಆಸೆ ಅಷ್ಟೇ.

ಮುಂದಿನದು ಹೇಳಿದ್ದೇನೆ. ಹೇಳದೇ ಉಳಿದದ್ದು ಇದು. ಸಿ.ಡಿ. ಬಿದ್ದ ಮೇಲೆ ಸುಮ್ಮನಿರಬೇಕಿತ್ತು. ನಾನು ಅತ್ತೆಯ ಹೇರ್‌ಪಿನ್ ಇಸಿದುಕೊಂಡು ಆ ಸಂದಿಯಲ್ಲಿ ಕೆದಕಿದೆ. “ಬುಡು ಮಗ, ಶೋರೂಮ್ನೋರು ತಗೀತಾರ” ಅಂದರು. ಬಿಡಲಿಲ್ಲ. ಒಳಗೆ ‘ಚಟ್’ ಅಂತು. ಇಬ್ಬರಿಗೂ ಕೇಳಿಸಿತು. ಗಾಜು ಮುಚ್ಚಿದ್ದ, ಎ.ಸಿ. ನಿಲ್ಲಿಸಿದ್ದ ಕಾರು, ಸದ್ದು ಬಹಳ ಸ್ಪಷ್ಟವಾಗಿತ್ತು. ಅಷ್ಟರಲ್ಲಿ ಬಸ್ಸು ಬಂತು. ಮೇಲೆ ಗುಡಿಯ ಸುತ್ತ ಬೆಳ್ಳಗೆ ಏನೂ ಕಾಣದು. ಅತ್ತೆ ಬಹಳ ಹೊತ್ತು ಕೈಮುಗಿದು ನಿಂತಿದ್ದರು.

ಶೋರೂಮಿನವರು ಡ್ಯಾಶ್‌ಬೋರ್ಡ್ ಬಿಚ್ಚಿ ಸಿ.ಡಿ. ತೆಗೆದುಕೊಟ್ಟರು. ನಡುವಿನಿಂದ ಅಂಚಿನವರೆಗೆ ನೇರ ಒಡೆದಿತ್ತು, ಮಾವ ಉಳಿದ ಸಿ.ಡಿ.ಗಳನ್ನು ಒರೆಸುತ್ತಿದ್ದ ಗೆರೆಯ ಹಾಗೆಯೇ. ಸಂಜೆ ತಂದುಕೊಟ್ಟೆ. ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕೈ ಒರೆಸಿಕೊಂಡು ಸಿ.ಡಿ.ಯನ್ನು ಬೆಳಕಿಗೆ ಹಿಡಿದು ನೋಡಿ, ಸೆರಗಿನಿಂದ ಮೆಲ್ಲಗೆ ಒರೆಸಿ, ಚೀಲದೊಳಗಿಟ್ಟು ಜಿಪ್ ಎಳೆದರು.  

“ಸಿ.ಡಿ. ಓದ್ರ ಓಗ್ಲಿ ಅತ್ತೆ, ನಾನಿಲ್ವ?” ಅಂತ ನಾನು ಶುರುಮಾಡಿಯೇಬಿಟ್ಟೆ. ಕೆಮ್ಮು, ಬಸ್ಸಿಗೆ ಬಯ್ಯುವುದು, ಕೊನೆಗೆ ಆ ನಗು, ಕುಕ್ಕರಿನ ಸುಯ್ಯಿನಿಂದ ಹಿಡಿದು ಪೂರ್ತಿ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾರ ದನಿಯನ್ನೂ ತೆಗೆದಿಲ್ಲ.  ಅತ್ತೆ ಕಣ್ಣು ಮುಚ್ಚಿ ಕೇಳಿದರು.  ಆಮೇಲೆ ಕಣ್ಣು ತೆರೆದು ಒಂದು ಮಾತು ಅಂದರು. ಅಲ್ಲಿಂದಾಚೆಗೆ ನಾನು ಯಾರನ್ನು ಬೇಕಾದರೂ ಅಣಕಿಸುತ್ತೇನೆ, ಮಾವನೊಬ್ಬರನ್ನು ಬಿಟ್ಟು.

“ದನಿ ಅವ್ರದೇ ಕಣಪ್ಪ, ಒಂಚೂರೂ ತಪ್ಪಿಲ್ಲ. ಆದ್ರ ಅವ್ರು ನಿನ್ ನೋಡಿ ನಗ್ತಿದ್ರು... ನೀ ಈಗ ಯಾರ್ನ ನೋಡಿ ನಕ್ಕೆ?”