ತಮ್ಮನ ಪಾಲಿನ ಬಾದಾಮಿ ಹಾಲು

ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ನನಗೆ ಒಂದು ಚಟವಿತ್ತು. ದೇಹ ತನ್ನನ್ನು ತಾನೇ ಒಡೆದು ಶಕ್ತಿ ತೆಗೆಯುವ ಕ್ಯಾಟಬಾಲಿಸಂ, ತಿಂದದ್ದರಿಂದ ಮಾಂಸ ಕಟ್ಟುವ ಅನಾಬಾಲಿಸಂ, ಇವೆರಡರ ಹದವೇ ವಿಕಾಸವನ್ನು ಮುನ್ನಡೆಸಿರಬಹುದು ಎಂದು ಸಿಕ್ಕಸಿಕ್ಕವರ ತಲೆ ತಿನ್ನುತ್ತಿದ್ದೆ. ಹಸಿವಿನ ಕಾಲದಲ್ಲಿ ಹದವಾಗಿ ಒಡೆದುಕೊಂಡು, ಸಿಕ್ಕಾಗ ಬೇಗ ಕಟ್ಟಿಕೊಂಡ ಜೀವಿಗಳು ಉಳಿದು ಮರಿ ಹಾಕಿದವು. ಹದ ತಪ್ಪಿದವು ಸತ್ತವು. ನಾವು ಉಳಿದವರ ವಂಶ. ಚಾಮರಾಜಪೇಟೆಯ ಗರಡಿಯಲ್ಲಿ ಕುಸ್ತಿ ಆಡುವ ನನ್ನ ತಮ್ಮ ಇದನ್ನು ವೇದವಾಕ್ಯದಂತೆ ನಂಬಿದ.

ಅವನು ಐವತ್ತೇಳು ಕೆಜಿ ವಿಭಾಗಕ್ಕೆ ಇಳಿಯಬೇಕಿತ್ತು. ಗೆದ್ದರೆ ರಾಜ್ಯ ತಂಡ. ಹತ್ತು ದಿನದ ಉಪವಾಸ ಗೊತ್ತುಮಾಡಿದವನು ನಾನೇ. ಗರಡಿಯಲ್ಲಿ ಒಂದು ನಿಯಮ: ಸಾಮು ಮುಗಿದ ಮೇಲೆ ಬಾದಾಮಿ ಹಾಲು ಕುಡಿಯದವನು ಮರುದಿನ ಅಖಾಡಕ್ಕೆ ಇಳಿಯುವಂತಿಲ್ಲ. ದಿನವೂ ಅವನ ಜೊತೆ ಹೋಗಿ, ಕುಸ್ತಿ ಕಲಿಸುವ ಉಸ್ತಾದರು ಅತ್ತ ತಿರುಗಿದಾಗ ತಮ್ಮನ ಲೋಟ ನಾನು ಖಾಲಿ ಮಾಡುತ್ತಿದ್ದೆ. ಹತ್ತೂ ದಿನ. ರುಚಿಯಾಗಿಯೇ ಇತ್ತು, ಥೂ ನನ್ನ ಜನ್ಮಕ್ಕೆ.

ತೂಕ ಸರಿಯಾಗಿ ಬಂತು. ಕುಸ್ತಿ ಶುರುವಾದ ಒಂದೇ ನಿಮಿಷಕ್ಕೆ ಎದುರಾಳಿ ಅವನನ್ನು ಎತ್ತಿ ಕುಕ್ಕಿದ. ತಮ್ಮನ ಕಾಲು ನಡುಗುತ್ತಿತ್ತು; ಕೊಬ್ಬು ಕರಗಿ ದೇಹ ಮಾಂಸಕ್ಕೇ ಕೈ ಹಾಕಿತ್ತು. ಪಾಠ ಮಾಡುವ ನನಗೆ ಅದು ಗೊತ್ತಾಗಬೇಕಿತ್ತು. ನಾನು ಕಿರುಚಿದೆ, "ಏಳೋ, ಏಳು." ಎದ್ದ. ಎದುರಾಳಿ ಅವನ ಬಲಗೈ ಹಿಡಿದು ತಿರುವಿದ. ಮೊಣಕೈ ಲಟಕ್ಕೆಂದು ಮುರಿದು ಹಿಂದಕ್ಕೆ ಮಡಚಿಕೊಂಡಿತು, ಮೂಳೆ ಚರ್ಮ ಸೀಳಿಕೊಂಡು ಹೊರಬಂತು.

ತಮ್ಮನನ್ನು ಆಂಬುಲೆನ್ಸಿಗೆ ಹತ್ತಿಸಿ ಬಂದ ಉಸ್ತಾದರು ನನ್ನ ಕಾಲರ್ ಹಿಡಿದು ಕೆನ್ನೆಗೆ ಎರಡು ಬಿಟ್ಟರು. "ಅವ್ನ ಹಾಲು ನೀವ್ ಕುಡೀತಿದ್ರಂತೆ. ನಿಮ್ ತಮ್ಮ ಈಗ ಬಾಯ್ಬಿಟ್ಟ. ಮೇಷ್ಟ್ರು ಅಂತ ಎರಡಕ್ಕೆ ನಿಲ್ಲಿಸ್ದೆ, ಇಲ್ದಿದ್ರೆ ಇಲ್ಲೇ ಹೂತ್ಬಿಡ್ತಿದ್ದೆ."

ಹದಿನೈದು ದಿನದ ಮೇಲೆ ಮನೆಯಲ್ಲಿ ತಮ್ಮ ಎಡಗೈಯಲ್ಲಿ ಮುದ್ದೆ ಮುರಿಯುತ್ತ, "ಅಣ್ಣ, ಮುಂದಿನ್ ಸಲ ಉಪವಾಸ ಇನ್ನೊಂದ್ ವಾರ ಮುಂಚೇನೇ ಶುರು ಮಾಡೋಣ" ಅಂದ. ಡಾಕ್ಟರು ನನಗೆ ಹೇಳಿದ್ದನ್ನು ಯಾರೂ ಅವನಿಗೆ ಹೇಳಿರಲಿಲ್ಲ.

"ಇನ್ಮೇಲೆ ಕುಸ್ತಿ ಇಲ್ಲ ಕಣೋ. ಕೈ ಮೊದಲಿನ ಹಾಗೆ ಆಗಲ್ವಂತೆ. ಮುಗಿಸಿದ್ದು ನಾನು."

ಸ್ಟೀಲ್ ತಟ್ಟೆ ಎತ್ತಿ ನನ್ನ ಮುಖಕ್ಕೆ ಬೀಸಿದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. "ಇನ್ನೊಂದ್ ಹೊಡಿ" ಅಂದೆ. ಬೇಡಿಕೊಂಡೆ ಅನ್ನಬೇಕು. ಅವನು ತಟ್ಟೆ ಮತ್ತೆ ಎತ್ತಿದ. ಎದೆಮಟ್ಟಕ್ಕೆ ಬರುವಷ್ಟರಲ್ಲಿ ತೋಳು ನಡುಗಿ ತಟ್ಟೆ ಕೈಜಾರಿತು. ಅವನಲ್ಲಿ ಒಂದೇ ಏಟಿನ ಕಸುವು ಉಳಿದಿತ್ತು.