ಆಚಾರ್ರ ಒಳಖಾನೆಗಳು

ಹೋದ ತಿಂಗಳು ನಮ್ಮ ದೇವರಕೋಣೆಯ ಬಾಗಿಲು ಮಳೆಗೆ ಉಬ್ಬಿ ಮುಚ್ಚದಂತಾಯಿತು. ಬಡಗಿಯೊಬ್ಬರು ಬಂದು ಬಾಗಿಲು ಕಳಚಿ, ಅಂಚನ್ನು ಕೀಸತೊಡಗಿದರು. ಹಲಸಿನ ಮರ. ಮೊದಲ ಹಳದಿ ಸುರುಳಿ ನೆಲಕ್ಕೆ ಬಿದ್ದದ್ದೇ ತಡ, ಬಿ.ಸಿ.ರೋಡಿನ ಮೂರನೇ ಮಹಡಿಯ ಈ ಮನೆಯಲ್ಲಿ ಬಂಟ್ವಾಳ ಪೇಟೆಯ ಒಂದು ಜಗಲಿಯ ವಾಸನೆ ತುಂಬಿಕೊಂಡಿತು. ಮರದ ಹುಡಿ, ಜೇನುಮೇಣ, ಮತ್ತೆ ಎಲೆಯಡಿಕೆ… ಎಲೆಯಡಿಕೆ ಜಗಿಯುವವರು ನಮ್ಮಲ್ಲಿ ಯಾರೂ ಇಲ್ಲ. ಅದನ್ನು ನನ್ನ ಮೂಗೇ ಸೇರಿಸಿಕೊಂಡಿರಬೇಕು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಂಟ್ವಾಳದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಬಾಡಿಗೆಗೆ ಸಿಕ್ಕಿದ ಕೋಣೆಯ ಪಕ್ಕದಲ್ಲೇ ಬಡಗಿ ಆಚಾರ್ರ ಮನೆ. ಮನೆಯ ಎದುರಿನ ಜಗಲಿಯೇ ಅವರ ಕೆಲಸದ ಜಾಗ. ಮಂಚ, ಬಾಗಿಲು, ಬಾಗಿಲಿನ ದಾರಂದದಂಥ ದೊಡ್ಡ ಕೆಲಸಗಳನ್ನೂ ಮಾಡುತ್ತಿದ್ದರು. ಆದರೆ ಹೆಸರಾದದ್ದು ಸಣ್ಣ ಸಾಮಾನುಗಳಿಂದ. ಕನ್ನಡಿ ಪೆಟ್ಟಿಗೆ, ಎಲೆಯಡಿಕೆ ಪೆಟ್ಟಿಗೆ, ಗೋಡೆಗೆ ತೂಗುಹಾಕುವ ಕಪಾಟು, ಕೂತು ಬರೆಯುವ ತಗ್ಗು ಮೇಜು. ಪ್ರತಿಯೊಂದರಲ್ಲೂ ಎಲ್ಲೋ ಒಂದು ಕಡೆ ಕಣ್ಣಿಗೆ ಕಾಣದ ಖಾನೆ. ಒಂದರಲ್ಲಿ ಕಾಲನ್ನು ಸ್ವಲ್ಪ ತಿರುಗಿಸಿದರೆ ಬದಿಯ ಹಲಗೆ ಜಾರುತ್ತಿತ್ತಂತೆ. ಇನ್ನೊಂದರಲ್ಲಿ ಕನ್ನಡಿಯ ಚೌಕಟ್ಟನ್ನು ಮೇಲಕ್ಕೆತ್ತಿದರೆ ಹಿಂದೆ ಗೇಣುದ್ದದ ಜಾಗ. ಪೇಟೆಯವರು ಅದನ್ನು ಕಳ್ಳಖಾನೆ ಎನ್ನುತ್ತಿದ್ದರು. ಆಚಾರ್ರಿಗೆ ಆ ಮಾತು ಆಗುತ್ತಿರಲಿಲ್ಲ. “ಕಳ್ಳರಿಗೆ ಮಾಡಿದ್ದಲ್ಲ ಅದು. ಒಳಖಾನೆ ಅಂತ ಹೇಳಿ” ಎನ್ನುತ್ತಿದ್ದರು.

ಮಾಡಿಸಲು ಬರುತ್ತಿದ್ದವರು ಹೆಚ್ಚಾಗಿ ಹೆಂಗಸರು. ತುಂಬಿದ ಮನೆಗಳು, ಸೊಸೆಯ ಟ್ರಂಕಿನ ಬೀಗದ ಕೈ ಅತ್ತೆಯ ಸೊಂಟದಲ್ಲಿ, ಅತ್ತೆಯ ಕಪಾಟಿಗೆ ಮಕ್ಕಳ ಕಣ್ಣು. ತನ್ನದು ಎಂದು ಅಂಗೈಯಗಲ ಜಾಗ ಬೇಕು ಅನಿಸಿದವರು ಆಚಾರ್ರ ಜಗಲಿ ಹತ್ತುತ್ತಿದ್ದರು. ಸಾಮಾನು ಸಿದ್ಧವಾದ ದಿನ ಅವರು ಒಡತಿಯೊಬ್ಬಳನ್ನೇ ಚಾವಡಿಗೆ ಕರೆದು, ಬಾಗಿಲು ಓರೆ ಮಾಡಿ, ತೆರೆಯುವ ಬಗೆ ತೋರಿಸುತ್ತಿದ್ದರು. ಹೆಂಡತಿಗೂ ಒಳಗೆ ಪ್ರವೇಶವಿರಲಿಲ್ಲ.

ವಿಚಿತ್ರವೆಂದರೆ, ಪೇಟೆಯಲ್ಲಿ ಅವರಷ್ಟು ಬಾಯಿಬಡುಕರು ಇನ್ನೊಬ್ಬರಿರಲಿಲ್ಲ. ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದರು, ಯಾರು ಯಾರೊಂದಿಗೆ ಮಾತು ಬಿಟ್ಟರು, ಎಲ್ಲವೂ ಅವರ ಬಾಯಿಂದಲೇ ಊರಿಗೆ ತಿಳಿಯಬೇಕು. ನಾನು ಡ್ಯೂಟಿ ಮುಗಿಸಿ ಬರುವುದನ್ನೇ ಕಾಯುತ್ತಿದ್ದರು.

“ಟೆಲಿಫೋನಕ್ಕ, ಇವತ್ತು ಬೊಂಬಾಯಿಯಿಂದ ಯಾರಿಗೆ ಟ್ರಂಕ್ ಕಾಲ್ ಬಂತು?”

“ಹೇಳಿದ್ರೆ ನನ್ನ ಕೆಲಸ ಹೋಗ್ತದೆ ಆಚಾರ್ರೇ. ಆ ಮೇಜಿನ ಒಳಖಾನೆ ಎಲ್ಲಿ ಉಂಟು, ನೀವು ಮೊದಲು ಹೇಳಿ.”

“ಹಾಗಾದ್ರೆ ನನ್ನದೂ ಹೋಗ್ತದೆ” ಎಂದು ನಕ್ಕು ಮತ್ತೆ ಕೀಸುಳಿ ಹಿಡಿಯುತ್ತಿದ್ದರು. ನಮ್ಮ ಸ್ನೇಹ ಬೆಳೆದದ್ದು ಹೀಗೆ, ಒಬ್ಬರಿಗೊಬ್ಬರು ಹೇಳದೆ.

ಆ ಪೇಟೆಯಲ್ಲಿ ಹೋಟೆಲ್ ಇಟ್ಟಿದ್ದ ಒಂದು ಮನೆಯವರಿದ್ದರು. ಮನೆಯ ಹಿರಿಯಾಕೆಯನ್ನು ಎಲ್ಲರೂ ಹೋಟೆಲಿನಮ್ಮ ಎನ್ನುತ್ತಿದ್ದರು. ಹೋಟೆಲ್ ನೋಡಿಕೊಳ್ಳಲು ಮಗ. ಮಗಳನ್ನು ಕನ್ಯಾನಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಅಮ್ಮ ಒಂದು ಮಳೆಗಾಲದಲ್ಲಿ ಕಾಯಿಲೆ ಬಿದ್ದು ತೀರಿಕೊಂಡರು. ತುಂಬು ಬಸುರಿಯಾಗಿದ್ದ ಮಗಳಿಗೆ ಬರಲಾಗಲಿಲ್ಲ. ಕನ್ಯಾನದ ಕಡೆಗೆ ಆ ಸುದ್ದಿಯ ಕರೆ ಜೋಡಿಸಿ ಕೊಟ್ಟವಳು ನಾನೇ…

ಉತ್ತರಕ್ರಿಯೆ ಮುಗಿದ ಸ್ವಲ್ಪ ಸಮಯದಲ್ಲಿ ಮಗ ಒಂದು ಕನ್ನಡಿ ಪೆಟ್ಟಿಗೆ ಹಿಡಿದುಕೊಂಡು ಆಚಾರ್ರ ಜಗಲಿಗೆ ಬಂದರು. ನಾನು ಅಂಗಳದ ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದೆ.

“ಅಮ್ಮನ ಎರಡೆಳೆ ಸರ ಎಲ್ಲಿಯೂ ಇಲ್ಲ. ಇದರಲ್ಲೇ ಇರಬೇಕು. ನೀವು ಮಾಡಿದ್ದಲ್ವಾ, ಒಮ್ಮೆ ತೆಗ್ದು ಕೊಡಿ.”

ಆಚಾರ್ರು ಪೆಟ್ಟಿಗೆಯನ್ನು ಮುಟ್ಟಲಿಲ್ಲ. “ನಿಮ್ಮ ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಅವರ ನಂತರ ಮಗಳಿಗೆ ಮಾತ್ರ ತೋರಿಸುವುದು ಅಂತ. ತಂಗಿ ಬರ್ಲಿ.”

“ನಾನೇನು ಹೊರಗಿನವನಾ? ಕೊಡಲಿಯಲ್ಲಿ ಒಡೆದ್ರೆ ಎಂತ ಮಾಡ್ತೀರಿ?”

“ಒಡೀರಿ. ಮರ ನಿಮ್ಮದು. ಮಾತು ನನ್ನದು.”

ಮೂಡುಬಿದಿರೆಯಲ್ಲಿ ಆ ಮನೆಯವರು ಹೊಸ ಹೋಟೆಲ್ ತೆರೆಯುವವರಿದ್ದರು. ಅದರ ಮೇಜು, ಬೆಂಚುಗಳ ಕೆಲಸವೆಲ್ಲ ಆಚಾರ್ರಿಗೇ ಎಂದು ಮಾತಾಗಿತ್ತು. ಮಗ ಮೆಟ್ಟಿಲಿಳಿಯುತ್ತ, ಆ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋದರು. ಹಾಗೆಯೇ ಮಾಡಿದರು ಕೂಡ. ಆಚಾರ್ರ ಹೆಂಡತಿಗೆ ತಡೆಯಲಾಗಲಿಲ್ಲ. “ಊರಿನ ಸುದ್ದಿ ಎಲ್ಲ ಕಕ್ಕುವ ಬಾಯಿಗೆ ಇದೊಂದಕ್ಕೆ ಎಂತ ಬೀಗ?” ಎಂದು ಅಡುಗೆಮನೆಯಿಂದಲೇ ಬೈದರು. ಆ ವರ್ಷ ಆಚಾರ್ರು ಬೆಳ್ತಂಗಡಿಯ ಕಡೆಗೆಲ್ಲ ಬಸ್ಸಿನಲ್ಲಿ ಹೋಗಿ, ಸಿಕ್ಕಿದ ಮನೆಗಳಲ್ಲಿ ಬಾಗಿಲು ರಿಪೇರಿ ಮಾಡಿ ಬರುತ್ತಿದ್ದರು. ಜಗಲಿಯ ಹರಟೆ ಮಾತ್ರ ನಿಲ್ಲಲಿಲ್ಲ. ಪೆಟ್ಟಿಗೆಯ ವಿಷಯ ಬಂದರೆ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿಬಿಡುತ್ತಿದ್ದರು. ಮಗನೂ ಒಡೆಯಲಿಲ್ಲ. ಅಮ್ಮ ದಿನಾ ಮುಖ ನೋಡಿಕೊಳ್ಳುತ್ತಿದ್ದ ಕನ್ನಡಿ. ಕೊಡಲಿ ಎತ್ತಲು ಮನಸ್ಸಾಗಿರಲಿಕ್ಕಿಲ್ಲ.

ಬಾಣಂತನ ಮುಗಿಸಿ ಮಗಳು ಮಗುವಿನೊಂದಿಗೆ ಬಂದಾಗ ಬಿಸಿಲು ಕಾಲ ಶುರುವಾಗಿತ್ತು. ಅಣ್ಣ ತಂಗಿ ಇಬ್ಬರೂ ಒಟ್ಟಿಗೇ ಬಂದರು. ಅಂದು ನನಗೆ ರಜೆ. ಆಚಾರ್ರು ಅಣ್ಣನಿಗೆ ಅಂಗಳದಲ್ಲಿ ಸ್ಟೂಲು ಹಾಕಿಸಿದರು, ಮಗುವನ್ನು ನನ್ನ ಕೈಗೆ ಕೊಡಿಸಿದರು, ಮಗಳನ್ನು ಕರೆದುಕೊಂಡು ಒಳಗೆ ಹೋಗಿ ಬಾಗಿಲು ಓರೆ ಮಾಡಿದರು. ಸ್ವಲ್ಪ ಹೊತ್ತಿಗೆ ಅವರೊಬ್ಬರೇ ಹೊರಗೆ ಬಂದರು. ಖಾನೆ ಬಿಡಿಸುವುದನ್ನು ತೋರಿಸಿದ ಮೇಲೆ ಅಲ್ಲಿ ಅವರಿಗೆ ಕೆಲಸವಿಲ್ಲ.

ಒಳಗೆ ಮೊದಲು ಏನೂ ಕೇಳಿಸಲಿಲ್ಲ. ಮತ್ತೆ ನಗು. ತಡೆಯಲು ನೋಡಿ, ಆಗದೆ, ಹೊರಗೆ ಬಂದ ನಗು.

ಮಗಳು ಕಣ್ಣೊರೆಸಿಕೊಳ್ಳುತ್ತ ಬಂದಳು. ಕೈಯಲ್ಲಿ ಸರವಿತ್ತು. ಅಣ್ಣನ ಅಂಗೈಗೆ ಹಾಕಿದಳು. ಅವರು ಅದನ್ನು ಬೆಳಕಿಗೆ ಹಿಡಿದರು. ಕುತ್ತಿಗೆಯ ಬೆವರು ತಾಗುವಲ್ಲೆಲ್ಲ ಕಪ್ಪಾಗಿತ್ತು. ಹೆಬ್ಬೆರಳಿನಿಂದ ಉಜ್ಜಿದರು. ತಾಮ್ರದ ಬಣ್ಣ ಎದ್ದು ಬಂತು.

“ರೋಲ್ಡ್‌ಗೋಲ್ಡ್ ಅಣ್ಣ” ಎಂದಳು ತಂಗಿ. “ನಿಜವಾದದ್ದನ್ನು ನೀವು ಇಲ್ಲಿ ಹೋಟೆಲ್ ಹಾಕುವಾಗಲೇ ಮಾರಿ ಆಯ್ತು. ನಿಮಗೆ ಗೊತ್ತಾದ್ರೆ ಬೇಜಾರಾಗ್ತದೆ ಅಂತ ಅಮ್ಮ ಇದನ್ನೇ ಹಾಕಿಕೊಳ್ತಾ ಇದ್ರು. ನನಗೆ ಮಾತ್ರ ಹೇಳಿದ್ದು.”

ಅವರು ತಲೆ ತಗ್ಗಿಸಿ ಕೂತರು.

“ಇನ್ನೊಂದು ಉಂಟು” ಎನ್ನುತ್ತ ತಂಗಿ ಸೆರಗಿನ ಅಡಿಯಿಂದ ತಗಡಿನ ಸಣ್ಣ ನಸ್ಯದ ಡಬ್ಬಿ ತೆಗೆದಳು. ಮೊಮ್ಮಕ್ಕಳ ಎದುರು ಚಂದವಲ್ಲ ಎಂದು ಅಮ್ಮನ ನಸ್ಯದ ಚಟ ಬಿಡಿಸಿದ್ದು ತಾನೇ ಎಂದು ಮಗ ಹೋಟೆಲಿಗೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಡಬ್ಬಿ ಅರ್ಧ ತುಂಬಿತ್ತು. ಅವರು ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದರು. ಸೀನು ಶುರುವಾಯಿತು. ಸೀನಿ, ನಕ್ಕು, ಮತ್ತೆ ಸೀನಿ, ಕೊನೆಗೆ ಅತ್ತೇಬಿಟ್ಟರು. ನನ್ನ ತೋಳಿನಲ್ಲಿದ್ದ ಮಗು ಆ ಸದ್ದಿಗೆ ಬೆಚ್ಚಿ, ಆಮೇಲೆ ತಾನೂ ಬಾಯಿ ಬಿಟ್ಟು ನಕ್ಕಿತು.

“ನಿಮಗೆ ಇದೆಲ್ಲ ಗೊತ್ತಿತ್ತಾ ಆಚಾರ್ರೇ?” ಎಂದು ಅಣ್ಣ ಕೇಳಿದರು.

“ಒಳಗೆ ಎಂತ ಇಡ್ತೀರಿ ಅಂತ ನಾನು ಯಾರನ್ನೂ ಕೇಳುವುದಿಲ್ಲ. ಅಳತೆ ಮಾತ್ರ ಕೇಳ್ತೇನೆ.”

ಮೂಡುಬಿದಿರೆಯ ಹೋಟೆಲಿನ ಬೆಂಚುಗಳನ್ನು ಅಷ್ಟರಲ್ಲಿ ಬೇರೆಯವರು ಮಾಡಿ ಮುಗಿಸಿದ್ದರು. ಕ್ಯಾಶಿನ ಮೇಜನ್ನು ಮಾತ್ರ ಮಗ ಆಚಾರ್ರ ಕೈಯಲ್ಲೇ ಮಾಡಿಸಿದರು. ಅಲ್ಲಿ ಚಹಾ ಕುಡಿಯಲು ಹೋದಾಗಲೆಲ್ಲ ಅದನ್ನು ಮೇಲಿಂದ ಕೆಳಗಿನವರೆಗೆ ನೋಡಿದ್ದೇನೆ. ಒಳಖಾನೆ ಉಂಟೋ ಇಲ್ಲವೋ ಎಂದು ಕೂಡ ತಿಳಿಯಲಿಲ್ಲ. ಈ ಕಥೆಯನ್ನು ಆಚಾರ್ರು ಯಾರಿಗೂ ಹೇಳಲಿಲ್ಲ. ಹೋಟೆಲಿನವರೇ ಊರಿಗೆಲ್ಲ ಹೇಳಿದರು. ಆಮೇಲೆ ಆಚಾರ್ರ ಜಗಲಿಗೆ ಕೆಲಸದ ಬರ ಬರಲಿಲ್ಲ.

ನಾನು ಮದುವೆಯಾಗಿ, ಬೆಳ್ತಂಗಡಿಗೆ ವರ್ಗ ಮಾಡಿಸಿಕೊಂಡು, ಲಾಯಿಲದಲ್ಲಿ ಮನೆ ಮಾಡಿದೆ. ಆ ಕಡೆ ಕೆಲಸಕ್ಕೆ ಬಂದಾಗಲೆಲ್ಲ ಆಚಾರ್ರು ಇಣುಕಿ, ಬಂಟ್ವಾಳದ ಸುದ್ದಿಯೆಲ್ಲ ಸುರಿದು ಹೋಗುತ್ತಿದ್ದರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬರುವುದು ಕಡಿಮೆಯಾದಾಗ, ವಯಸ್ಸಾಯಿತಲ್ಲ ಎಂದುಕೊಂಡೆ. ಒಂದು ದಿನ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಅವರ ಹೆಂಡತಿ ಸಿಕ್ಕಿದರು. ಕುಂಕುಮವಿಲ್ಲದ ಹಣೆ ನೋಡಿ ಅವರ ಕೈ ಹಿಡಿದುಕೊಂಡೆ.

“ಅವರು ಹೋಗಿ ತಿಂಗಳಾಯ್ತಲ್ಲ ಅಕ್ಕ. ನಿಮಗೆ ಗೊತ್ತಾಗ್ಲಿಲ್ವಾ?” ಎಂದರು. ಸ್ವಲ್ಪ ಹೊತ್ತು ಬಸ್ಸುಗಳ ಕಡೆ ನೋಡಿ, “ಹೌದು, ಇನ್ನು ಹೇಳುವವರು ಯಾರು? ಅವರು ಇರ್ತಿದ್ರೆ ಅವತ್ತೇ ಬಂದು ಹೇಳ್ತಿದ್ರು” ಎಂದರು. ಹೇಳಿದ ಮೇಲೆ ತಾವೇ ಸಣ್ಣಗೆ ನಕ್ಕರು. ನಾನೂ ನಕ್ಕೆ. ಆ ಗದ್ದಲದಲ್ಲಿ ಇಬ್ಬರೂ ಕೈ ಹಿಡಿದುಕೊಂಡು ನಿಂತಿದ್ದೆವು…

ಈಗ ಊರಿನ ಮದುವೆ, ಸಾವು ಎಲ್ಲವೂ ನಿಮಿಷದೊಳಗೆ ನನ್ನ ಮೊಬೈಲಿಗೆ ಬರುತ್ತದೆ. ಓದುತ್ತೇನೆ, ಮುಂದಕ್ಕೆ ಸರಿಸುತ್ತೇನೆ. ಮೆಟ್ಟಿಲು ಹತ್ತಿ ಬಂದು ಕೂತು, ಒಂದು ಚೆಂಬು ನೀರು ಕೇಳಿ ಕುಡಿದು, ಬಾಯಿ ಒರೆಸಿಕೊಂಡು, ಆಮೇಲೆ ಸುದ್ದಿ ಹೇಳುವವರು ಯಾರೂ ಇಲ್ಲ.